ಭಾಷೆ ಬಾರದ ಊರಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್

ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನು ಕೇಳದ ಕಥೋಲಿಕ ಮನೆ ನಮ್ಮಲ್ಲಿ ಇರಲಾರದು. ಅವರ ಹೆಸರಿನ ದೇವಾಲಯಗಳಿವೆ, ಶಾಲೆಗಳಿವೆ. ಬಂಧುಬಳಗದಲ್ಲಿ ಒಬ್ಬರಾದರೂ ಕ್ಸೇವಿಯರ್ ಇದ್ದೇ ಇರುತ್ತಾರೆ. ಡಿಸೆಂಬರ್ 3 ಹತ್ತಿರವಾದಂತೆ ನವೇನ ಶುರುವಾಗುತ್ತದೆ. ಹಬ್ಬದ ಪ್ರಬೋಧನೆಯಲ್ಲಿ ಒಂದು ಸಂಗತಿ ಹೆಚ್ಚುಕಡಿಮೆ ತಪ್ಪದೆ ಬರುತ್ತದೆ: ಪವಿತ್ರಾತ್ಮರು ಈ ಸಂತರಿಗೆ ಭಾಷಾವರವನ್ನು ಅನುಗ್ರಹಿಸಿದ್ದರು, ಕಲಿಯದ ಭಾಷೆಗಳಲ್ಲಿ ಅವರು ಸರಾಗವಾಗಿ ಬೋಧಿಸುತ್ತಿದ್ದರು ಎಂಬುದು. ಇದು ಯಾರೋ ಕಟ್ಟಿದ ಅಜ್ಜಿಕಥೆಯೇನೂ ಅಲ್ಲ. ಅವರನ್ನು ಸಂತರೆಂದು ಸಾರಿದ ಪೋಪರ ಆಜ್ಞಾಪತ್ರ 1623ರಲ್ಲಿ ಹೊರಬಂದಾಗ ಅದರಲ್ಲೇ ಈ ಮಾತು ಸೇರಿತ್ತು. ಆಯಾ ದೇಶದಲ್ಲೇ ಹುಟ್ಟಿ ಬೆಳೆದವರಂತೆ ಅವರು ಮಾತನಾಡುತ್ತಿದ್ದರೆಂದೂ, ಬೇರೆ ಬೇರೆ ಜನಾಂಗದವರು ಒಟ್ಟಿಗೆ ಕೇಳುವಾಗ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಭಾಷೆಯಲ್ಲೇ ಕೇಳಿಸುತ್ತಿತ್ತೆಂದೂ ಅದು ಹೇಳುತ್ತದೆ.

ಆದರೆ ಸಂತರು ತಾವೇ ಬರೆದ ನೂರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಅವನ್ನು ಓದಿದರೆ ಕಣ್ಣಿಗೆ ಬೀಳುವ ಚಿತ್ರವೇ ಬೇರೆ. ಭಾಷೆ ಬಾರದೆ ಪರದಾಡಿದ, ಮಕ್ಕಳಂತೆ ಪಾಠ ಉರುಹೊಡೆದ, ದುಭಾಷಿ ಕಾಯಿಲೆ ಬಿದ್ದರೆ ಕೈಕಟ್ಟಿ ಕೂತಂತಾಗುತ್ತಿದ್ದ ಒಬ್ಬ ಗುರು ಅಲ್ಲಿ ಕಾಣುತ್ತಾರೆ. ಈ ಎರಡು ಚಿತ್ರಗಳಲ್ಲಿ ಯಾವುದು ನಿಜ? ಭಾಷಾವರವನ್ನು ದೇವರು ಕೊಡುವುದಾದರೂ ಯಾತಕ್ಕೆ? ಅವರ ಜೀವನವನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡು ನೋಡೋಣ.

ಅವರು ಹುಟ್ಟಿದ್ದು 1506ರ ಏಪ್ರಿಲ್ 7ರಂದು, ಈಗ ಸ್ಪೇನಿನಲ್ಲಿರುವ ನವಾರ್ರೆ ಪ್ರಾಂತ್ಯದ ಕ್ಸೇವಿಯರ್ ಕೋಟೆಯಲ್ಲಿ. ತಂದೆ ಹುವಾನ್ ದೆ ಜಾಸ್ಸೊ ಕಾನೂನು ಪಂಡಿತರು, ರಾಜನ ಆಸ್ಥಾನದಲ್ಲಿ ದೊಡ್ಡ ಅಧಿಕಾರಿ. ತಮ್ಮ ತಾಯಿನುಡಿ ಬಾಸ್ಕ್ ಎಂದು ಫ್ರಾನ್ಸಿಸರೇ ಬರೆದುಕೊಂಡಿದ್ದಾರೆ. ಬಾಸ್ಕ್ ಒಂದು ವಿಚಿತ್ರ ಭಾಷೆ. ಸುತ್ತಮುತ್ತಲಿನ ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಿಗೂ ಅದಕ್ಕೂ ಯಾವ ನಂಟೂ ಇಲ್ಲ. ಜಗತ್ತಿನ ಯಾವ ಭಾಷಾಕುಟುಂಬಕ್ಕೂ ಅದನ್ನು ಸೇರಿಸಲು ಪಂಡಿತರಿಗೆ ಆಗಿಲ್ಲ. ಈ ಬಾಸ್ಕ್ ಮಾತು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

1525ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಸಾಂತ್ ಬಾರ್ಬ್ ಕಾಲೇಜಿನಲ್ಲಿ ಪೀಟರ್ ಫೇಬರ್ ಅವರ ಕೊಠಡಿಯ ಗೆಳೆಯ. ಮುಂದೆ ಅಲ್ಲಿಗೇ ಬಂದು ಸೇರಿದವರು ಲೊಯೋಲದ ಇಗ್ನೇಷಿಯಸ್. ಲೌಕಿಕ ಕೀರ್ತಿಯ ಕನಸು ಕಾಣುತ್ತಿದ್ದ ಯುವಕ ಹೇಗೆ ಬದಲಾದರೆಂಬ ಕಥೆ ನಮ್ಮ ವಾಚಕರಿಗೆ ತಿಳಿದದ್ದೇ. 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಏಳು ಮಂದಿ ಗೆಳೆಯರು ವ್ರತ ಕೈಗೊಂಡರು. 1537ರಲ್ಲಿ ವೆನಿಸಿನಲ್ಲಿ ಫ್ರಾನ್ಸಿಸರಿಗೆ ಗುರುದೀಕ್ಷೆಯಾಯಿತು. ಆ ವರ್ಷ ಉತ್ತರ ಇಟಲಿಯ ಊರುಗಳ ಚೌಕಗಳಲ್ಲಿ ಈ ಗೆಳೆಯರು ನಿಂತು ಬೋಧಿಸಿದರು. ಬರುತ್ತಿದ್ದ ಇಟಾಲಿಯನ್ ಅಷ್ಟಕ್ಕಷ್ಟೇ. ಸ್ಪ್ಯಾನಿಷ್, ಲ್ಯಾಟಿನ್, ಫ್ರೆಂಚ್ ಎಲ್ಲ ಕಲಸಿದ ಆ ಭಾಷೆ ಕೇಳಿ ಜನ ನಕ್ಕಿರಬೇಕು; ಆದರೂ ನಿಂತು ಕೇಳಿದವರು ಇದ್ದರು.

ಪೋರ್ಚುಗಲ್ ರಾಜ ಮೂರನೆಯ ಜಾನ್ ಭಾರತಕ್ಕೆ ಗುರುಗಳು ಬೇಕೆಂದು ಕೇಳಿದಾಗ, ಹೊರಡಬೇಕಿದ್ದ ಇನ್ನೊಬ್ಬರು ಕಾಯಿಲೆ ಬಿದ್ದದ್ದರಿಂದ ಫ್ರಾನ್ಸಿಸರು ಹೊರಟರು. 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಲಿಸ್ಬನ್ನಿನಲ್ಲಿ ಹಡಗು ಹತ್ತಿದವರು ಗೋವೆ ತಲುಪಿದ್ದು 1542ರ ಮೇ 6ರಂದು. ಗೋವೆಯಲ್ಲಿ ಪೋರ್ಚುಗೀಸ್ ಭಾಷೆಯಿಂದ ಕೆಲಸ ಸಾಗಿತು. ಬೀದಿಯಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನೂ ಆಳುಕಾಳುಗಳನ್ನೂ ಧರ್ಮೋಪದೇಶಕ್ಕೆ ಕರೆದರು. ನಿಜವಾದ ಪರೀಕ್ಷೆ ಶುರುವಾದದ್ದು ಅದೇ ವರ್ಷದ ಕೊನೆಯಲ್ಲಿ, ಕನ್ಯಾಕುಮಾರಿಯಿಂದ ತೂತುಕುಡಿಯ ಕಡೆಗೆ ಹಬ್ಬಿದ ಮುತ್ತಿನ ಕರಾವಳಿಗೆ ಅವರು ಕಾಲಿಟ್ಟಾಗ.

ಅಲ್ಲಿನ ಪರವರು ಸಮುದ್ರದಲ್ಲಿ ಮುಳುಗಿ ಮುತ್ತಿನ ಚಿಪ್ಪು ತೆಗೆಯುವ ಜನ. ಶತ್ರುಗಳ ಕಾಟ ತಾಳಲಾರದೆ ಪೋರ್ಚುಗೀಸರ ಆಶ್ರಯ ಬೇಡಿ, ಕೆಲವೇ ವರ್ಷಗಳ ಹಿಂದೆ ಸಾವಿರಾರು ಮಂದಿ ಒಟ್ಟಿಗೆ ಸ್ನಾನದೀಕ್ಷೆ ಪಡೆದಿದ್ದರು. ಆಮೇಲೆ ಅವರಿಗೆ ಕಲಿಸುವವರು ಯಾರೂ ಇರಲಿಲ್ಲ. ನೀವು ಕ್ರೈಸ್ತರೋ ಎಂದು ಕೇಳಿದರೆ ಹೌದೆನ್ನುತ್ತಿದ್ದರು. ಏನನ್ನು ವಿಶ್ವಾಸಿಸುತ್ತೀರಿ ಎಂದರೆ ಹೇಳಲು ಗೊತ್ತಿರಲಿಲ್ಲ. ಅವರ ಮಾತು ಗುರುಗಳಿಗೆ ತಿಳಿಯದು, ಗುರುಗಳ ಮಾತು ಅವರಿಗೆ ತಿಳಿಯದು.

ಗೋವೆಯ ಗುರುಮಠದಲ್ಲಿ ಓದುತ್ತಿದ್ದ ಮೂವರು ತಮಿಳು ಯುವಕರನ್ನು ಫ್ರಾನ್ಸಿಸರು ಜತೆಗೆ ಕರೆತಂದಿದ್ದರು. ದಾರಿಯಲ್ಲಿ ಸಿಕ್ಕ ಒಂದು ಹಳ್ಳಿಯ ಸಂಗತಿಯನ್ನು 1542ರ ಪತ್ರದಲ್ಲಿ ಅವರೇ ಬರೆದಿದ್ದಾರೆ. ಅಲ್ಲೊಬ್ಬ ಹೆಂಗಸು ಮೂರು ದಿನಗಳಿಂದ ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು. ಬದುಕುವ ಆಸೆ ಮನೆಯವರಿಗಿರಲಿಲ್ಲ. ಫ್ರಾನ್ಸಿಸರು ಆ ಮನೆಗೆ ಹೋಗಿ, ಯುವಕರಲ್ಲೊಬ್ಬ ದುಭಾಷಿಯಾಗಿ ನಿಂತು ಹೇಳುತ್ತಿದ್ದಂತೆ, ವಿಶ್ವಾಸ ಸಂಗ್ರಹವನ್ನು ಆಕೆಗೆ ತಿಳಿಸಿದರು. ಕ್ರೈಸ್ತಳಾಗಲು ಇಷ್ಟವೇ ಎಂದು ಕೇಳಿಸಿದರು. ಆಕೆ ಒಪ್ಪಿದಳು. ಸ್ನಾನದೀಕ್ಷೆಯಾದ ಸ್ವಲ್ಪ ಹೊತ್ತಿನಲ್ಲೇ ಮಗು ಹುಟ್ಟಿತು. ಆಮೇಲೆ ಮನೆಮಂದಿಯೆಲ್ಲ ದೀಕ್ಷೆ ಪಡೆದರು. ಇಲ್ಲಿ ಅದ್ಭುತವಿದೆ. ಆದರೆ ಅದ್ಭುತವನ್ನು ಮಾಡಿದ ದೇವರು ದುಭಾಷಿಯನ್ನು ಪಕ್ಕಕ್ಕೆ ಸರಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಆಮೇಲೆ ಅವರು ಮಾಡಿದ ಕೆಲಸ ಯಾವ ಪವಾಡಕ್ಕೂ ಕಡಿಮೆಯಲ್ಲ. ಎರಡೂ ಭಾಷೆ ಅಷ್ಟಿಷ್ಟು ಬಲ್ಲವರನ್ನು ಕೂಡಿಸಿಕೊಂಡು ಅನೇಕ ದಿನ ಕುಳಿತು, ಶಿಲುಬೆಯ ಗುರುತು, ವಿಶ್ವಾಸ ಸಂಗ್ರಹ, ದಶಾಜ್ಞೆಗಳು, ಪರಲೋಕ ಮಂತ್ರ, ನಮೋ ಮರಿಯಾ, ಪಾಪ ನಿವೇದನೆಯ ಜಪ ಇವನ್ನೆಲ್ಲ ತಮಿಳಿಗೆ ತಂದರು. ಪ್ಯಾರಿಸಿನಲ್ಲಿ ತತ್ವಶಾಸ್ತ್ರ ಬೋಧಿಸಿದ್ದ ಪಂಡಿತರು ಈಗ ಆ ತಮಿಳು ಜಪಗಳನ್ನು ಬಾಯಿಪಾಠ ಮಾಡಿದರು. ಕೈಯಲ್ಲಿ ಗಂಟೆ ಹಿಡಿದು ಊರೆಲ್ಲ ಸುತ್ತಿ, ದಿನಕ್ಕೆರಡು ಸಲ ಮಕ್ಕಳನ್ನು ಸೇರಿಸಿ ಹೇಳಿಕೊಟ್ಟರು. ಭಾನುವಾರ ಊರವರೆಲ್ಲ ಸೇರಿದಾಗ ವಿಶ್ವಾಸ ಸಂಗ್ರಹದ ಒಂದೊಂದು ಸಾಲು ಹೇಳಿ, ಇದನ್ನು ವಿಶ್ವಾಸಿಸುತ್ತೀರಾ ಎಂದು ಕೇಳುತ್ತಿದ್ದರು. ಜನ ಎದೆಯ ಮೇಲೆ ಕೈಗಳನ್ನು ಶಿಲುಬೆಯಾಕಾರದಲ್ಲಿಟ್ಟು ಗಟ್ಟಿಯಾಗಿ ಹೌದೆನ್ನುತ್ತಿದ್ದರು. ಕಲಿತ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ, ನೆರೆಹೊರೆಯವರಿಗೆ ಕಲಿಸಬೇಕು. ಕಾಯಿಲೆಯವರು ಕರೆಕಳಿಸಿದಾಗ ಎಲ್ಲ ಕಡೆಗೂ ಹೋಗಲಾರದೆ ಮಕ್ಕಳ ಕೈಗೇ ಜಪಸರ ಕೊಟ್ಟು ಕಳಿಸುತ್ತಿದ್ದರು. ಅವರು ಹಾಸಿಗೆಯ ಸುತ್ತ ನಿಂತು ತಮಿಳಿನಲ್ಲಿ ಜಪ ಹೇಳುತ್ತಿದ್ದರು.

ಆ ಅನುವಾದದಲ್ಲಿ ತಪ್ಪುಗಳೂ ನುಸುಳಿದ್ದವು. 1544ರಲ್ಲಿ ಸಹಚರ ಮನ್ಸಿಲ್ಯಾಸ್ ಎಂಬವರಿಗೆ ಬರೆದ ಪತ್ರದಲ್ಲಿ ಅವರು ಒಂದು ತಿದ್ದುಪಡಿ ಸೂಚಿಸುತ್ತಾರೆ. ವಿಶ್ವಾಸ ಸಂಗ್ರಹದಲ್ಲಿ ವಿಶ್ವಾಸಿಸುತ್ತೇನೆ ಎಂದಿರಬೇಕಾದ ಜಾಗದಲ್ಲಿ ಎನಕ್ಕು ವೇಣುಂ ಎಂದು ಸೇರಿಹೋಗಿತ್ತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಣುಂ ಎಂದರೆ ನಮ್ಮ ಬೇಕು. ನನಗೆ ದೇವರು ಬೇಕು ಎನ್ನುವುದಕ್ಕೂ ದೇವರನ್ನು ವಿಶ್ವಾಸಿಸುತ್ತೇನೆ ಎನ್ನುವುದಕ್ಕೂ ಇರುವ ಅಂತರ ತಿಳಿದ ಕೂಡಲೇ ಅವರು ಆ ಪದವನ್ನು ತೆಗೆಸಿ ವಿಶ್ವಾಸದ ಪದವನ್ನು ಹಾಕಿಸಿದರು. ಕ್ರಿಸ್ತರ ಯಾತನೆಯ ಸಾಲಿನಲ್ಲಿ ಬಲವಂತಕ್ಕೆ ಸಿಕ್ಕಿ ಎಂಬ ಅರ್ಥದ ಮಾತೊಂದಿತ್ತು. ಪ್ರಭು ಸ್ವಂತ ಇಚ್ಛೆಯಿಂದ ಯಾತನೆಪಟ್ಟವರು, ಯಾರ ಬಲವಂತಕ್ಕೂ ಅಲ್ಲ ಎಂದು ಅದನ್ನೂ ತಿದ್ದಿಸಿದರು. ಸಾವಿರಾರು ಮಂದಿ ದಿನಾ ಹೇಳುವ ಜಪದಲ್ಲಿ ಒಂದು ಪದ ತಪ್ಪಿದರೆ ವಿಶ್ವಾಸವೇ ಓರೆಯಾದೀತೆಂಬ ಭಯ ಅವರಿಗಿತ್ತು. ಭಾಷೆ ಮೇಲಿನಿಂದ ತಾನಾಗಿ ಇಳಿದಿದ್ದರೆ ಈ ತಿದ್ದುವ ಪಾಡು ಯಾಕೆ ಬರುತ್ತಿತ್ತು?

ಅದೇ 1544ರ ಇನ್ನೊಂದು ಪತ್ರದಲ್ಲಿ, ದುಭಾಷಿ ಅಂತೋಣಿ ಮಣಪಾಡಿನಲ್ಲಿ ಕಾಯಿಲೆ ಬಿದ್ದು ತಾವು ಒಬ್ಬಂಟಿಯಾದ ಸ್ಥಿತಿಯನ್ನು ತೋಡಿಕೊಂಡಿದ್ದಾರೆ. ಜನರಿಗೆ ಅವರು ಅರ್ಥವಾಗುತ್ತಿಲ್ಲ, ಜನ ಅವರಿಗೆ ಅರ್ಥವಾಗುವುದು ಇನ್ನೂ ಕಡಿಮೆ. ಈ ಬದುಕು ಹೇಗಿರಬಹುದೆಂದು ಊಹಿಸಿಕೊಳ್ಳಿ ಎನ್ನುವ ಧಾಟಿ. ಆದರೂ ಆ ಪತ್ರದಲ್ಲಿ ಅಳು ಇಲ್ಲ. ಹುಟ್ಟಿದ ಕೂಸುಗಳಿಗೆ ಸ್ನಾನದೀಕ್ಷೆ ಕೊಡಲು ದುಭಾಷಿ ಬೇಕಾಗಿಲ್ಲ, ಬಡವರ ಕೊರತೆ ತಿಳಿಯಲೂ ದುಭಾಷಿ ಬೇಕಾಗಿಲ್ಲ, ಅವರನ್ನು ನೋಡಿದರೆ ಸಾಕು ಎಂಬ ಅರ್ಥದಲ್ಲಿ ಬರೆಯುತ್ತಾರೆ. ಅವರ ಎಲ್ಲ ಪತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ.

ಭಾಷಾವರದ ಮಾತೆತ್ತಿದಾಗ ಪವಿತ್ರ ಗ್ರಂಥದ ಎರಡು ಭಾಗಗಳನ್ನು ಒಟ್ಟಿಗಿಟ್ಟು ಓದಬೇಕು. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ, ಪೆಂತಕೋಸ್ತಿನ ದಿನ ಜೆರುಸಲೇಮಿನಲ್ಲಿ ನೆರೆದಿದ್ದ ಹಲವು ದೇಶಗಳ ಜನ ಗಲಿಲೇಯದ ಬೆಸ್ತರ ಮಾತನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ಕೇಳಿ ಬೆರಗಾದರು. ಅಲ್ಲಿ ಒತ್ತು ಬೀಳುವುದು ಕೇಳಿದವರಿಗೆ ಅರ್ಥವಾಯಿತು ಎಂಬುದರ ಮೇಲೆ. ಕೊರಿಂಥದ ಸಭೆಯಲ್ಲಿ ಕಂಡ ವರ ಬೇರೆ ಬಗೆಯದು. ಅಲ್ಲಿ ಆಡುವವನು ದೇವರೊಡನೆ ಆಡುತ್ತಾನೆ, ಸುತ್ತಲಿದ್ದವರಿಗೆ ತಿಳಿಯದು. ಸಂತ ಪೌಲರು ಅದನ್ನು ಅಲ್ಲಗಳೆಯಲಿಲ್ಲ, ತಮಗೂ ಆ ವರವಿದೆಯೆಂದರು. ಆದರೆ ಸಭೆಯಲ್ಲಿ ಅರ್ಥ ಹೇಳುವವರಿಲ್ಲದಿದ್ದರೆ ಮೌನವಾಗಿರಬೇಕೆಂದರು. ತಿಳಿಯದ ಹತ್ತು ಸಾವಿರ ಮಾತಿಗಿಂತ ಇತರರಿಗೆ ಕಲಿಸುವ ಐದು ಮಾತು ಲೇಸೆಂದರು. ಈ ವರ ಎಲ್ಲರಿಗೂ ಇರುವುದಿಲ್ಲ ಎಂಬುದನ್ನೂ ಅವರು ಪ್ರಶ್ನೆಯ ರೂಪದಲ್ಲಿ ಸ್ಪಷ್ಟಪಡಿಸಿದ್ದಾರೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಭಾಷಾವರವನ್ನು ಹೆಸರಿಸಿ, ಇಂಥ ವರಗಳೆಲ್ಲ ಸಭೆಯ ಒಳಿತಿಗಾಗಿ, ಪ್ರೀತಿಯ ಸೇವೆಗಾಗಿ ಎನ್ನುತ್ತದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. 1967ರಲ್ಲಿ ಅಮೆರಿಕದ ಕಥೋಲಿಕ ವಿದ್ಯಾರ್ಥಿಗಳ ನಡುವೆ ಮೊದಲಾದ ವರದಾನ ನವೀಕರಣ ಚಳವಳಿ 1970ರ ದಶಕದಲ್ಲಿ ಭಾರತಕ್ಕೂ ಬಂತು; ಅದರಿಂದ ಜಪಕ್ಕೆ ಮರಳಿದ ಕುಟುಂಬಗಳು ಎಷ್ಟೋ. ಆದರೆ ಧ್ಯಾನಕೂಟಕ್ಕೆ ಹೋಗಿ ಬಂದು, ಪಕ್ಕದವರಿಗೆ ಬಂದ ಭಾಷಾವರ ತಮಗೆ ಬರಲಿಲ್ಲ, ತಮ್ಮ ವಿಶ್ವಾಸದಲ್ಲೇ ಏನೋ ಕೊರೆ ಇರಬೇಕು ಎಂದು ಒಳಗೊಳಗೇ ಕೊರಗುವ ತಾಯಂದಿರೂ ಇದ್ದಾರೆ. ಅಂಥವರು ಮುತ್ತಿನ ಕರಾವಳಿಯಲ್ಲಿ ಗಂಟೆ ಹಿಡಿದು ನಡೆದ ಈ ಗುರುವನ್ನು ನೆನೆದುಕೊಳ್ಳಬಹುದು.

ಮಲಾಕ್ಕದಲ್ಲೂ ಮಲುಕ್ಕು ದ್ವೀಪಗಳಲ್ಲೂ 1545ರಿಂದ 1547ರವರೆಗೆ ಅವರು ಸುತ್ತಿದರು. ಅಲ್ಲೂ ಅದೇ ಕ್ರಮ: ಜಪಗಳನ್ನು ಮಲಯ ಭಾಷೆಗೆ ತರುವುದು, ಬಾಯಿಪಾಠ ಮಾಡುವುದು, ಮಕ್ಕಳಿಗೆ ಕಲಿಸುವುದು. 1547ರ ಕೊನೆಯಲ್ಲಿ ಮಲಾಕ್ಕದಲ್ಲಿ ಅಂಜಿರೋ ಎಂಬ ಜಪಾನಿ ಅವರನ್ನು ಹುಡುಕಿಕೊಂಡು ಬಂದ. ಊರಿನಲ್ಲಿ ಕೊಲೆ ಮಾಡಿ ಓಡಿಬಂದು, ಮನಸ್ಸಿಗೆ ಶಾಂತಿಯಿಲ್ಲದೆ ಅಲೆಯುತ್ತಿದ್ದವನು. 1548ರ ಪೆಂತಕೋಸ್ತ್ ಹಬ್ಬದಂದು ಗೋವೆಯಲ್ಲಿ ಧರ್ಮಾಧ್ಯಕ್ಷರಿಂದ ಸ್ನಾನದೀಕ್ಷೆ ಪಡೆದು ಪಾವ್ಲೊ ಆದ. ಅವನ ಜತೆಯಲ್ಲಿ, ಫಾದರ್ ಕೋಸ್ಮೆ ದೆ ತೋರೆಸ್ ಮತ್ತು ಬ್ರದರ್ ಹುವಾನ್ ಫೆರ್ನಾಂಡಿಸರೊಡನೆ, ಫ್ರಾನ್ಸಿಸರು 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾದಲ್ಲಿ ಇಳಿದರು.

ಅಲ್ಲಿಂದ ನವೆಂಬರಿನಲ್ಲಿ ಬರೆದ ದೊಡ್ಡ ಪತ್ರದಲ್ಲಿ ತಮ್ಮನ್ನು ಪ್ರತಿಮೆಗಳಿಗೆ ಹೋಲಿಸಿಕೊಂಡಿದ್ದಾರೆ. ಜನ ಸುತ್ತ ನಿಂತು ತಮ್ಮ ಬಗ್ಗೆಯೇ ಮಾತನಾಡುತ್ತಾರೆ, ತಾವು ಏನೂ ತಿಳಿಯದೆ ಸುಮ್ಮನಿರುತ್ತೇವೆ, ಭಾಷೆ ಕಲಿಯಲು ಚಿಕ್ಕ ಮಕ್ಕಳಾಗಬೇಕಾಗಿದೆ ಎಂದು ಅದರ ತಾತ್ಪರ್ಯ. ಆಗ ಅವರಿಗೆ ನಲವತ್ತಮೂರು ವರ್ಷ. ಅಂಜಿರೋ ಅನುವಾದಿಸಿದ ಉಪದೇಶವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು, ಬೌದ್ಧ ವಿಹಾರದ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದರು. ಉಚ್ಚಾರಣೆ ಕೇಳಿ ನಕ್ಕವರೂ ಇದ್ದರು.

ನಗುವಿಗಿಂತ ದೊಡ್ಡ ಅಪಾಯ ಆ ಪುಸ್ತಕದೊಳಗೇ ಇತ್ತು. ಅಂಜಿರೋ ಒಳ್ಳೆಯವನು, ಆದರೆ ತನ್ನ ನಾಡಿನ ಧರ್ಮಗ್ರಂಥಗಳನ್ನು ಓದಿದವನಲ್ಲ. ದೇವರು ಎಂಬುದಕ್ಕೆ ಅವನು ದೈನಿಚಿ ಎಂಬ ಪದ ಬಳಸಿದ್ದ. ಅದು ಶಿಂಗೊನ್ ಪಂಥದ ಬೌದ್ಧರು ಪೂಜಿಸುವ ಮಹಾ ಬುದ್ಧನ ಹೆಸರು. ಭಾರತದಿಂದ ಬಂದ ಈ ಸನ್ಯಾಸಿಗಳು ತಮ್ಮದೇ ಧರ್ಮದ ಇನ್ನೊಂದು ಶಾಖೆಯನ್ನು ಸಾರುತ್ತಿದ್ದಾರೆಂದು ಅನೇಕರು ತಿಳಿದರು. ಯಾಮಗುಚಿಯ ಶಿಂಗೊನ್ ಭಿಕ್ಷುಗಳಂತೂ ಸಂತೋಷದಿಂದ ಬರಮಾಡಿಕೊಂಡರು. ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎನಿಸುವಾಗಲೇ ಫ್ರಾನ್ಸಿಸರಿಗೆ ಅನುಮಾನ ಬಂತು. ಪವಿತ್ರ ತ್ರಿತ್ವದ ಬಗ್ಗೆ, ದೇವರು ಮನುಷ್ಯನಾಗಿ ಶಿಲುಬೆಯಲ್ಲಿ ಸತ್ತದ್ದರ ಬಗ್ಗೆ ಭಿಕ್ಷುಗಳನ್ನು ಕೇಳಿದರು. ಅವರಿಗೆ ಅದು ಕಟ್ಟುಕಥೆಯಂತೆ ಕಂಡಿತು, ನಕ್ಕರು. ಎರಡು ವರ್ಷ ತಾವು ಯಾರ ಹೆಸರನ್ನು ಸಾರಿದೆವೆಂದು ಆಗ ಅವರಿಗೆ ಅರಿವಾಯಿತು. ಕೂಡಲೇ ಫೆರ್ನಾಂಡಿಸರನ್ನು ಬೀದಿಗೆ ಕಳಿಸಿ, ದೈನಿಚಿಯನ್ನು ಪೂಜಿಸಬೇಡಿರೆಂದು ಸಾರಿಸಿದರು. ಅಂದಿನಿಂದ ಲ್ಯಾಟಿನ್ನಿನ ದೇಉಸ್ ಎಂಬ ಪದವನ್ನೇ ಬಳಸಿದರು. ವಿರೋಧಿಗಳು ಸುಮ್ಮನಿರಲಿಲ್ಲ, ದೇಉಸ್ ಎಂಬುದನ್ನು ದೈ ಉಸೊ ಎಂದು ತಿರುಚಿ ಹಂಗಿಸಿದರು. ಜಪಾನಿ ಭಾಷೆಯಲ್ಲಿ ಅದಕ್ಕೆ ದೊಡ್ಡ ಸುಳ್ಳು ಎಂದರ್ಥ. ಜನಪ್ರಿಯವಾಗಿದ್ದ ತಪ್ಪು ಪದಕ್ಕಿಂತ ನಗೆಗೀಡಾದ ಸರಿ ಪದ ಅವರಿಗೆ ಲೇಸೆನಿಸಿತು.

ಯಾಮಗುಚಿಯ ಬೀದಿಗಳಲ್ಲಿ ದಿನಕ್ಕೆರಡು ಸಲ ಫೆರ್ನಾಂಡಿಸರು ಪುಸ್ತಕವನ್ನು ಓದಿ ಬೋಧಿಸುತ್ತಿದ್ದರು. ಸಹಚರರಲ್ಲಿ ಜಪಾನಿ ಭಾಷೆ ಚೆನ್ನಾಗಿ ಹಿಡಿದವರು ಅವರೇ. ಫ್ರಾನ್ಸಿಸರು ಪಕ್ಕದಲ್ಲಿ ನಿಂತು ಮೌನವಾಗಿ ಪ್ರಾರ್ಥಿಸುತ್ತಿದ್ದರು. ಒಂದು ದಿನ ಒಬ್ಬಾತ ಹತ್ತಿರ ಬಂದು ಫೆರ್ನಾಂಡಿಸರ ಮುಖಕ್ಕೆ ಉಗಿದ. ಅವರು ಮುಖ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದರು. ಅಲ್ಲಿ ನಿಂತು ವಾದಿಸುತ್ತಿದ್ದ ಒಬ್ಬ ವಿರೋಧಿ ಇದನ್ನು ಕಂಡು ಮನಸ್ಸು ತಿರುಗಿ, ಆ ಊರಿನಲ್ಲಿ ಸ್ನಾನದೀಕ್ಷೆ ಕೇಳಿದ ಮೊದಲಿಗರಲ್ಲಿ ಒಬ್ಬನಾದನೆಂದು ಯೇಸುಸಭೆಯ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಕೆಲವೇ ತಿಂಗಳುಗಳಲ್ಲಿ ಸುಮಾರು 500 ಮಂದಿ ಕ್ರೈಸ್ತರಾದರು. ಅವರಲ್ಲೊಬ್ಬ ಬೀವಾ ಎಂಬ ತಂತಿವಾದ್ಯ ನುಡಿಸಿ ಕಥೆ ಹೇಳಿ ಬದುಕುತ್ತಿದ್ದ, ಕಣ್ಣು ಸರಿಯಾಗಿ ಕಾಣದ ಬಡ ಹಾಡುಗಾರ. 1551ರಲ್ಲಿ ಲೊರೆನ್ಸೊ ಎಂಬ ಹೆಸರಿನಲ್ಲಿ ದೀಕ್ಷೆ ಪಡೆದು, ಮುಂದೆ ಯೇಸುಸಭೆಯ ಬ್ರದರ್ ಆಗಿ, 1592ರಲ್ಲಿ ತೀರಿಕೊಳ್ಳುವವರೆಗೂ ಜಪಾನಿನ ಅತಿ ದೊಡ್ಡ ಬೋಧಕನೆನಿಸಿದ. ಫ್ರಾನ್ಸಿಸರ ತೊದಲು ಮಾತು ಹೀಗೆ ಆ ನಾಡಿನ ಬಾಯಿಯನ್ನೇ ಕಂಡುಕೊಂಡಿತು.

ತಮಿಳು ನಾಡಿನಲ್ಲೂ ಹಾಗೆಯೇ ಆಯಿತು. ಫ್ರಾನ್ಸಿಸರ ನಂತರ ಅಲ್ಲಿ ದುಡಿದ ಫಾದರ್ ಹೆನ್ರಿಕ್ ಹೆನ್ರಿಕಸ್ ತಮಿಳನ್ನು ಆಳವಾಗಿ ಕಲಿತು, ದುಭಾಷಿಯ ಹಂಗಿಲ್ಲದೆ ಬೋಧಿಸಿದರು. ಅವರು ಸಿದ್ಧಪಡಿಸಿದ ತಂಬಿರಾನ್ ವಣಕ್ಕಂ ಎಂಬ ಕಿರು ಧರ್ಮೋಪದೇಶ 1578ರಲ್ಲಿ ಕೊಲ್ಲಂನಲ್ಲಿ ತಮಿಳು ಅಕ್ಷರಗಳಲ್ಲೇ ಅಚ್ಚಾಯಿತು. ಭಾರತದ ಲಿಪಿಯೊಂದರಲ್ಲಿ ಭಾರತದಲ್ಲೇ ಮುದ್ರಣವಾಗಿ ನಮಗೆ ಉಳಿದಿರುವ ಅತಿ ಹಳೆಯ ಪುಸ್ತಕ ಅದು. ನಮ್ಮ ನಾಡಿಗೂ ಈ ಪರಂಪರೆ ಬಂದು ಮುಟ್ಟಿದೆ: 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು.

ಹಾಗಾದರೆ 1623ರ ಆ ಆಜ್ಞಾಪತ್ರದ ಮಾತು? 20ನೆಯ ಶತಮಾನದಲ್ಲಿ ತಮ್ಮ ಬಾಳಿನ ಬಹುಭಾಗವನ್ನು ಫ್ರಾನ್ಸಿಸರ ಚರಿತ್ರೆಗೇ ಮೀಸಲಿಟ್ಟ ಜರ್ಮನ್ ಯೇಸುಸಭೆಯ ಗುರು ಗಿಯೋರ್ಗ್ ಶುರ್‌ಹಾಮರ್ ಎಲ್ಲ ದಾಖಲೆಗಳನ್ನೂ ಜಾಲಾಡಿ, ಭಾಷಾವರದ ಕಥೆಗೆ ಸಂತರ ಪತ್ರಗಳಲ್ಲಿ ಆಧಾರವಿಲ್ಲವೆಂದು ತೋರಿಸಿದರು. ಅವರೇನೂ ಸಂತರ ವಿರೋಧಿಯಲ್ಲ. ಸಾಕ್ಷಿ ಹೇಳಿದ ಜನ ಸುಳ್ಳು ಹೇಳಿದರೆಂದೂ ನಾವು ತಿಳಿಯಬೇಕಾಗಿಲ್ಲ. ನನಗೆ ತೋರುವುದಿಷ್ಟು: ಬಿಳಿಯ ಗುರು ಒಬ್ಬರು ಬಂದುಹೋದರು, ಆಮೇಲೆ ಅಜ್ಜ ಅಜ್ಜಿಯರು ತಮ್ಮದೇ ಭಾಷೆಯಲ್ಲಿ ಜಪ ಹೇಳಿದರು. ಅವರು ನಮ್ಮ ಭಾಷೆಯಲ್ಲಿ ಮಾತನಾಡಿದರು ಎಂದು ಮೊಮ್ಮಕ್ಕಳು ಹೇಳಿದ್ದು ನಿಜವೇ. ಆ ನಡುವಿನ ಬೆವರನ್ನು ಮಾತ್ರ ಕಥೆ ಮರೆತುಬಿಟ್ಟಿತು.

ಜಪಾನಿನ ಪಂಡಿತರು ಚೀನವನ್ನು ಗೌರವಿಸುವುದನ್ನು ಕಂಡ ಫ್ರಾನ್ಸಿಸರು, ಇನ್ನು ಚೀನಕ್ಕೇ ಹೋಗಬೇಕೆಂದು 1552ರಲ್ಲಿ ಗೋವೆಯಿಂದ ಹೊರಟರು. ವಿದೇಶಿಯರಿಗೆ ಚೀನದ ಬಾಗಿಲು ಮುಚ್ಚಿತ್ತು. ಕಾಂಟನ್ ಕರಾವಳಿಗೆ ಸಮೀಪದ ಸಾಂಚಿಯನ್ ದ್ವೀಪದಲ್ಲಿ ಇಳಿದು, ಕದ್ದು ಒಳಗೆ ದಾಟಿಸುತ್ತೇನೆಂದ ವ್ಯಾಪಾರಿಯ ದೋಣಿಗಾಗಿ ಕಾದರು. ಅಲ್ಲೂ ಭಾಷೆಯದೇ ತೊಡಕು. ಜತೆಯಲ್ಲಿದ್ದ ಚೀನೀ ಯುವಕ ಅಂತೋನಿಯೊ ವರ್ಷಗಟ್ಟಲೆ ಗೋವೆಯಲ್ಲಿ ಓದಿ ತನ್ನ ಭಾಷೆಯನ್ನೇ ಬಹುಮಟ್ಟಿಗೆ ಮರೆತಿದ್ದ. ಬರುತ್ತೇನೆಂದ ಇನ್ನೊಬ್ಬ ದುಭಾಷಿ ಹೆದರಿ ಹಿಂದೆ ಸರಿದ. ದೋಣಿ ಬರಲೇ ಇಲ್ಲ. ನವೆಂಬರ್ 21ರಂದು ಜ್ವರ ಹಿಡಿಯಿತು.

ಕೊನೆಯ ದಿನಗಳ ಸಂಗತಿ ನಮಗೆ ತಿಳಿದಿರುವುದು ಅಂತೋನಿಯೊ ಮುಂದೆ ಬರೆದಿಟ್ಟದ್ದರಿಂದ. ಹುಲ್ಲು ಗುಡಿಸಲು, ಚಳಿಗಾಳಿ. ಜ್ವರದ ತಾಪದಲ್ಲಿ ಫ್ರಾನ್ಸಿಸರು ಆಕಾಶದ ಕಡೆ ಕಣ್ಣಿಟ್ಟು ಗಟ್ಟಿಯಾಗಿ ಮಾತನಾಡುತ್ತಿದ್ದರು. ದಾವೀದನ ಪುತ್ರ ಯೇಸುವಿನ ಕರುಣೆ ಬೇಡುವ ಲ್ಯಾಟಿನ್ ಜಪ ಅಂತೋನಿಯೊಗೆ ತಿಳಿಯುತ್ತಿತ್ತು. ಉಳಿದದ್ದು ಅವನು ಎಂದೂ ಕೇಳದ ಯಾವುದೋ ಭಾಷೆ. ಅದು ಅಮ್ಮನ ಮಡಿಲಲ್ಲಿ ಕಲಿತ ಬಾಸ್ಕ್ ಇದ್ದಿರಬೇಕೆಂದು ಚರಿತ್ರೆಕಾರರು ಊಹಿಸುತ್ತಾರೆ. ಅದನ್ನು ಬಿಡಿಸಿ ಹೇಳುವ ದುಭಾಷಿ ಆ ದ್ವೀಪದಲ್ಲಿ ಯಾರೂ ಇರಲಿಲ್ಲ. ನಡುವೆ ಮಾತು ನಿಂತಿತು, ಮತ್ತೆ ಬಂತು. ಯೇಸುನಾಮ ಮಾತ್ರ ತುಟಿಯ ಮೇಲಿತ್ತು. ಡಿಸೆಂಬರ್ 3ರ ನಸುಕಿಗೆ ಮುಂಚೆ, ಉಸಿರು ಕುಂದುತ್ತಿರುವುದನ್ನು ಕಂಡ ಅಂತೋನಿಯೊ ಅವರ ಕೈಗೆ ಉರಿಯುವ ಮೇಣದ ಬತ್ತಿಯನ್ನು ಕೊಟ್ಟು, ಬೀಳದಂತೆ ತಾನೇ ಹಿಡಿದುಕೊಂಡು ಕೂತ.